ಬಿಗಿಯಾಗಿ ಕೂರಬೇಕಾದ ಭಾಗ: ಒಂದು .22 ಪಿಸ್ತೂಲಿನ ಮರುಜೋಡಣೆಯ ಪ್ರಕರಣ

ಈ ಬರಹದಲ್ಲಿ ಬರುವವರ ಹೆಸರು, ಮನೆತನ, ಊರು ಹಾಗೂ ಆಯುಧದ ಸಂಖ್ಯೆ ಯಾವುದನ್ನೂ ಇಲ್ಲಿ ಹೇಳಿಲ್ಲ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಗಡಿಯಿಂದ ಹೆಚ್ಚು ದೂರವಿಲ್ಲದ ಒಂದು ಅಡಿಕೆ ತೋಟದ ಮನೆ ಎಂದಷ್ಟು ತಿಳಿದರೆ ಸಾಕು. ಆ ಮನೆಯ ಹಿರಿಯರನ್ನು ಯಜಮಾನರೆಂದೂ, ಅವರ ತಂಗಿಯ ಮಗನನ್ನು ಅಳಿಯನೆಂದೂ ಕರೆಯುತ್ತೇನೆ. ನಾನು ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಯೌವನದಲ್ಲಿ ಯಜಮಾನರ ಜೊತೆಗೇ ಗುರಿ ಹೊಡೆಯುವ ಸ್ಪರ್ಧೆಗಳಿಗೆ ಹೋಗುತ್ತಿದ್ದೆ. ನನ್ನ ಬಳಿ ಆಯುಧ ರಿಪೇರಿಯ ಲೈಸೆನ್ಸ್ ಇಲ್ಲ. ಈ ಪ್ರಕರಣದ ಒಂದು ಮುಖ್ಯ ನಿರ್ಧಾರ ಆ ಸಂಗತಿಯನ್ನೇ ಅವಲಂಬಿಸಿದ್ದರಿಂದ ಅದನ್ನು ಮೊದಲೇ ಹೇಳುತ್ತಿದ್ದೇನೆ.

ಹಿನ್ನೆಲೆ

ಪಿಸ್ತೂಲು ರೂಗರ್ ಕಂಪೆನಿಯ ಮಾರ್ಕ್ 2 ಮಾದರಿಯದು, .22 ರಿಮ್‌ಫೈರ್ ತೋಟೆಯದು. 1949ರಲ್ಲಿ ಬಂದ ಆ ಕಂಪೆನಿಯ ಮೊದಲ ಪಿಸ್ತೂಲಿನ ವಂಶದಲ್ಲಿ ಇದು 1982ರಿಂದ 2004ರವರೆಗೆ ತಯಾರಾದ ಪೀಳಿಗೆ. ಯಜಮಾನರ ಲೈಸೆನ್ಸಿನಲ್ಲಿ ಅದು ಕ್ರಮಬದ್ಧವಾಗಿ ನಮೂದಾಗಿದೆ, ಮತ್ತು ಆ ಲೈಸೆನ್ಸ್ ಕೇರಳ ರಾಜ್ಯದೊಳಗೆ ಮಾತ್ರ ಊರ್ಜಿತವಾದದ್ದು.

2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾದ ಬಳಿಕ, ನಮ್ಮ ಕಡೆಯ ಕೃಷಿಕರು ಪ್ರತಿ ಚುನಾವಣೆಯಲ್ಲೂ ಮಾಡುವಂತೆ, ಯಜಮಾನರೂ ತಮ್ಮ ಆಯುಧವನ್ನು ಠೇವಣಿ ಇಟ್ಟರು. ಸ್ಪರ್ಧೆಯಲ್ಲಿರುವ ಕ್ರೀಡಾಪಟುಗಳಿಗೆ ಸಿಗುವ ವಿನಾಯಿತಿಯನ್ನು ಅವರು ಕೇಳಲಿಲ್ಲ. ಸ್ಪರ್ಧೆ ಬಿಟ್ಟು ಬಹಳ ಕಾಲವಾಗಿತ್ತು. ಒಪ್ಪಿಸುವ ಮುನ್ನ, ತಿಂಗಳುಗಟ್ಟಲೆ ಮುಟ್ಟದೆ ಇರುವ ವಸ್ತುವಿಗೆ ತುಕ್ಕು ಹಿಡಿಯಬಾರದೆಂಬ ಕಾಳಜಿಯಿಂದ, ಒಳಗೂ ಹೊರಗೂ ಧಾರಾಳವಾಗಿ ತೆಂಗಿನೆಣ್ಣೆ ಸವರಿದ್ದರು. ಮನೆಯಲ್ಲಿ ಕೈಗೆ ಸಿಕ್ಕಿದ ಎಣ್ಣೆ ಅದೇ. ಹೊಲಿಗೆ ಯಂತ್ರಕ್ಕೆ ತೆಂಗಿನೆಣ್ಣೆ ಬಿಟ್ಟು ಯಂತ್ರ ಅಂಟಿಕೊಂಡದ್ದನ್ನು ಕಂಡವರಿಗೆ ಮುಂದಿನದ್ದು ಊಹೆಗೆ ನಿಲುಕೀತು: ಆ ಎಣ್ಣೆ ಗಾಳಿಗೆ ಹಳಸುತ್ತದೆ, ಧೂಳು ಹಿಡಿಯುತ್ತದೆ, ಸುಮಾರು 24–25 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ, ಕೊನೆಗೆ ಕಂದು ಬಣ್ಣದ ಪೊರೆಯಾಗಿ ಲೋಹಕ್ಕೆ ಹತ್ತಿಕೊಳ್ಳುತ್ತದೆ. ಜೂನ್ 4ರ ಫಲಿತಾಂಶ ಕಳೆದು ಪಿಸ್ತೂಲು ಮರಳಿ ಮನೆಗೆ ಬಂದಾಗ ಮಳೆಗಾಲ ಶುರುವಾಗಿತ್ತು. ಅದನ್ನು ಪೂರ್ತಿ ಬಿಚ್ಚಿ ಶುಚಿಗೊಳಿಸಬೇಕೆಂದು ಯಜಮಾನರು ನಿಶ್ಚಯಿಸಿದರು.

ಈ ಮಾದರಿಯ ರಚನೆಯನ್ನು ಸ್ವಲ್ಪ ವಿವರಿಸದೆ ಸಮಸ್ಯೆ ಅರ್ಥವಾಗದು. ನಳಿಗೆ ಮತ್ತು ಅದರ ಹಿಂದಿನ ಕೊಳವೆಯಾಕಾರದ ರಿಸೀವರ್ ಒಂದೇ ಘಟಕ; ಗುರಿ ನೋಡುವ ಮುಂಗಣ್ಣು, ಹಿಂಗಣ್ಣು ಎರಡೂ ಆ ಘಟಕದ ಮೇಲೆಯೇ ಇವೆ. ಕೈಯಲ್ಲಿ ಹಿಡಿಯುವ ಫ್ರೇಮ್ ಬೇರೆ. ರಿಸೀವರನ್ನು ಫ್ರೇಮಿನ ಮೇಲೆ ಕೆಲವು ಮಿಲಿಮೀಟರ್ ಮುಂದಿಟ್ಟು, ಮುಂಭಾಗದ ಕೊಕ್ಕೆ ತನ್ನ ಗಾಡಿಯಲ್ಲಿ, ಅಂದರೆ ಅದಕ್ಕಾಗಿ ಕೊರೆದ ತೋಡಿನಲ್ಲಿ, ಸಿಕ್ಕುವಂತೆ ನೋಡಿಕೊಂಡು, ಹಿಂದಕ್ಕೆ ಸರಿಸಬೇಕು. ಕೊನೆಯ ಆ ಸರಿತವೇ ಬಿಗಿ. ಅದು ಪೂರ್ತಿ ಆದಾಗ ಫ್ರೇಮಿನ ತೂತು ಮತ್ತು ರಿಸೀವರಿನ ತೂತು ಒಂದೇ ಗೆರೆಗೆ ಬರುತ್ತವೆ. ಬಳಿಕ ಹಿಂದಿನಿಂದ ಬೋಲ್ಟ್ (ರಿಸೀವರಿನೊಳಗೆ ಹಿಂದೆ ಮುಂದೆ ಸರಿಯುವ ಉಕ್ಕಿನ ತುಂಡು) ತೂರಿಸಿ, ಹಿಡಿಕೆಯ ಹಿಂಬದಿಯ ಸ್ಪ್ರಿಂಗ್ ಗೂಡಿನ ತುದಿಯಲ್ಲಿರುವ ದಪ್ಪ ಪಿನ್ನನ್ನು ಕೆಳಗಿನಿಂದ ಮೇಲಕ್ಕೆ, ಫ್ರೇಮ್, ಬೋಲ್ಟ್, ರಿಸೀವರಿನ ಮೇಲ್ಮೈ ಎಲ್ಲವನ್ನೂ ದಾಟಿ ಹೊರ ಇಣುಕುವಂತೆ ತೂರಿಸಬೇಕು. ಹೊಡೆದಾಗ ಹಿಂದಕ್ಕೆ ಬರುವ ಬೋಲ್ಟನ್ನು ತಡೆಯುವುದು ಈ ಪಿನ್ನೇ. ಕೊನೆಗೆ ಗೂಡನ್ನು ಮಡಚಿ ಚಿಲಕ ಹಾಕಬೇಕು. ಆಗ ಫೈರಿಂಗ್ ಪಿನ್ನಿಗೆ ಬಡಿಯುವ ಹ್ಯಾಮರಿಗೆ ನೇತಾಡುವ ಒಂದು ಸಣ್ಣ ಕಡ್ಡಿ ಗೂಡಿನೊಳಗಿನ ಸ್ಪ್ರಿಂಗಿನ ತಲೆಯ ಮೇಲೆ ಸರಿಯಾಗಿ ಕೂರಬೇಕು.

ಬಿಚ್ಚುವುದಕ್ಕಿಂತ ಜೋಡಿಸುವುದೇ ಕಷ್ಟ ಎಂಬ ಮಾತು ಈ ವಂಶದ ಪಿಸ್ತೂಲುಗಳ ಬಗ್ಗೆ ಎಷ್ಟು ಸಾಮಾನ್ಯವಾಗಿತ್ತೆಂದರೆ, 2016ರಲ್ಲಿ ಬಂದ ಮಾರ್ಕ್ 4ರಲ್ಲಿ ಕಂಪೆನಿ ಒಂದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಹೊಸ ವ್ಯವಸ್ಥೆಯನ್ನೇ ತಂದಿತು.

ಎರಡು ದಿನ ನಡೆದದ್ದು

ಬಿಚ್ಚುವಾಗಲೇ ಮೊದಲ ತಪ್ಪು ಆಗಿತ್ತು, ಆದರೆ ಅದು ಯಾರ ಗಮನಕ್ಕೂ ಬರಲಿಲ್ಲ. ಅಂಟಿನಿಂದಾಗಿ ರಿಸೀವರ್ ಮುಂದಕ್ಕೆ ಸರಿಯಲಿಲ್ಲ. ಅಳಿಯ ಹಿಂಬದಿಯ ಸಂದಿನಲ್ಲಿ ಸ್ಕ್ರೂಡ್ರೈವರ್ ಇಟ್ಟು ಮೀಟಿದ, ಅದು ಸರಿಯಿತು. ಶುಚಿಗೊಳಿಸುವ ಕೆಲಸವೂ ಆಯಿತು, ಆದರೆ ಕಣ್ಣಿಗೆ ಕಾಣುವ ಜಾಗಗಳಲ್ಲಿ ಮಾತ್ರ.

ಜೋಡಿಸಲು ಕುಳಿತಾಗ ರಿಸೀವರ್ ತನ್ನ ಜಾಗಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರ್ ಮುಂದೆಯೇ ನಿಂತುಬಿಟ್ಟಿತು. ಅಳಿಯ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಅದರಂತೆ ಖಾಲಿ ಮ್ಯಾಗಜೀನ್ (ತೋಟೆ ತುಂಬುವ ಪೆಟ್ಟಿಗೆ) ಹಾಕುವುದು, ತೆಗೆಯುವುದು, ಟ್ರಿಗರ್ ಎಳೆಯುವುದು ಎಲ್ಲವನ್ನೂ ಮಾಡಿದ. ಆ ವಿಡಿಯೊ ಮಾರ್ಕ್ 3ರದ್ದು ಎಂದು ಆಮೇಲೆ ತಿಳಿಯಿತು. ಮಾರ್ಕ್ 3ರಲ್ಲಿ ಮ್ಯಾಗಜೀನ್ ಒಳಗಿಲ್ಲದೆ ಹ್ಯಾಮರ್ ಬೀಳದಂಥ ತಡೆ ಇದೆ, ಆದ್ದರಿಂದ ಜೋಡಣೆಯ ನಡುವೆ ಮ್ಯಾಗಜೀನ್ ಹಾಕಿ ತೆಗೆಯಬೇಕಾಗುತ್ತದೆ. ಮಾರ್ಕ್ 2ರಲ್ಲಿ ಆ ತಡೆಯೇ ಇಲ್ಲ. ಹೊರನೋಟಕ್ಕೆ ಎರಡೂ ಅಣ್ಣತಮ್ಮಂದಿರಂತಿರುವುದರಿಂದ ಇಂಥ ಗೊಂದಲ ಸಹಜ. ಆದರೆ ಅನಗತ್ಯವಾದ ಆ ಹೆಜ್ಜೆಗಳಲ್ಲಿ ಗಮನವೆಲ್ಲ ಖರ್ಚಾಗಿ, ಭಾಗ ಯಾಕೆ ನಿಂತಿತು ಎಂಬ ಪ್ರಶ್ನೆ ಹಿಂದೆ ಬಿತ್ತು.

ಮುಂದಿನ ಪ್ರಯತ್ನ ಬಲದ್ದು. ಕಬ್ಬಿಣದ ಸುತ್ತಿಗೆಗೆ ಬೈರಾಸು ಸುತ್ತಿ ನಳಿಗೆಯ ಬಾಯಿಗೆ ಎರಡು ಪೆಟ್ಟು ಬಿದ್ದವು. ಮೂರನೆಯದಕ್ಕೆ ಯಜಮಾನರು ಕೈ ಹಿಡಿದರು. ನಳಿಗೆಯ ಬಾಯಿಯ ಒಳ ಅಂಚು ಒಂದು ಕಡೆ ನಜ್ಜಿದರೂ ಗುಂಡು ಹೊರಬೀಳುವಾಗ ಹಿಂದಿನ ಗಾಳಿಯ ಒತ್ತಡ ಆ ಬದಿಯಿಂದ ಮೊದಲು ಸೋರಿ, ಗುಂಡು ಓರೆಯಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಸಂಜೆ ಮನೆಯಲ್ಲಿ ಮೂರು ಸಲಹೆಗಳು ಬಂದವು. ರಿಸೀವರನ್ನು ಫ್ರಿಜ್ಜಿನ ಮಂಜುಗಡ್ಡೆ ಅರೆಯಲ್ಲಿಟ್ಟು ಕುಗ್ಗಿಸುವುದು ಒಂದು. ಲೆಕ್ಕಕ್ಕೆ ಇದು ಪೂರ್ತಿ ತಪ್ಪಲ್ಲ: ಹತ್ತು ಸೆಂಟಿಮೀಟರಿನ ಉಕ್ಕು 40 ಡಿಗ್ರಿ ತಣಿದರೆ ಹೆಚ್ಚುಕಡಿಮೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಕುಗ್ಗುತ್ತದೆ. ಒಂದೂವರೆ ಮಿಲಿಮೀಟರಿನ ಕೊರತೆಗೆ ಅದು ಎಲ್ಲಿಗೂ ಸಾಲದು. ಮೇಲಾಗಿ ಜೂನ್ ತಿಂಗಳ ನಮ್ಮ ಗಾಳಿಗೆ ತಣ್ಣಗಿನ ಉಕ್ಕನ್ನು ಒಡ್ಡಿದರೆ ಪ್ರತಿ ತೂತಿನೊಳಗೂ ಹನಿ ಕಟ್ಟುತ್ತದೆ. ಎರಡನೆಯ ಸಲಹೆ ಅಳಿಯನದು: "ಮಾವ, ಆ ಕೊಕ್ಕೆಗೆ ಒಂದಿಷ್ಟು ಅರ ಹಾಕಿದರೆ ಕೂತುಬಿಡುತ್ತದೆ." ಮೂರನೆಯದು ಪರಿಚಯದ ವರ್ಕ್‌ಶಾಪಿನವರದು: ತೂತುಗಳು ಹೊಂದುತ್ತಿಲ್ಲವಾದರೆ ಎರಡಕ್ಕೂ ಒಟ್ಟಿಗೆ ಡ್ರಿಲ್ ಹಾಯಿಸಿದರೆ ಪಿನ್ನು ದಾಟುತ್ತದೆ. ಈ ಮೂರನೆಯ ಸಲಹೆ ಕೇಳಿ ಯಜಮಾನರು ನನಗೆ ಫೋನ್ ಮಾಡಿದರು. "ನೀವು ಬರುವವರೆಗೆ ನಾವು ಅದನ್ನು ಮುಟ್ಟುವುದಿಲ್ಲ" ಎಂದರು. ಈ ಇಡೀ ಪ್ರಕರಣದಲ್ಲಿ ಅತ್ಯಂತ ಒಳ್ಳೆಯ ನಿರ್ಧಾರ ಅದೇ ಎಂದು ನನ್ನ ಅಭಿಪ್ರಾಯ, ಮತ್ತು ಅದನ್ನು ತೆಗೆದುಕೊಂಡವರು ಅವರು, ನಾನಲ್ಲ.

ಎಣಿಕೆ

ನಾನು ಹೋದ ದಿನ ಮೊದಲು ತೋಟೆಗಳೆಲ್ಲ ಬೇರೆ ಕೋಣೆಯ ಬೀರುವಿನಲ್ಲಿವೆಯೇ, ಮ್ಯಾಗಜೀನ್ ಖಾಲಿಯೇ, ನಳಿಗೆಯ ಹಿಂಬದಿಯಿಂದ ನೋಡಿದರೆ ಬೆಳಕು ಕಾಣುತ್ತದೆಯೇ ಎಂದು ನೋಡಿದೆವು. ಕೈಕೆಲಸವೆಲ್ಲ ಯಜಮಾನರದೇ ಆಗಿರಲಿ, ನಾನು ಪಕ್ಕದಲ್ಲಿ ಕುಳಿತು ಹೇಳುತ್ತೇನೆ ಎಂದು ಒಪ್ಪಂದ ಮಾಡಿಕೊಂಡೆವು. ಆಯುಧ ಅವರ ಲೈಸೆನ್ಸಿನದು. ಕಂಪೆನಿ ಹಳೆಯ ಮಾದರಿಗಳ ಕೈಪಿಡಿಗಳನ್ನೂ ಉಚಿತವಾಗಿ ಕೊಡುವುದರಿಂದ ಮಾರ್ಕ್ 2ರದ್ದನ್ನೇ ಮುದ್ರಿಸಿ ತಂದಿದ್ದೆ.

ಅದರ ಭಾಗಗಳ ಚಿತ್ರವನ್ನು ಪಕ್ಕದಲ್ಲಿಟ್ಟು, ಬಿಚ್ಚಿದ ಭಾಗಗಳನ್ನು ಬಿಳಿ ಪಂಚೆಯ ಮೇಲೆ ಒಂದೊಂದಾಗಿ ಹರವಿ ಎಣಿಸಿದೆವು. ಒಂದು ಕಡಿಮೆ ಬಂತು. ಬೋಲ್ಟಿನೊಳಗೆ ಫೈರಿಂಗ್ ಪಿನ್ ಅತಿಯಾಗಿ ಮುಂದೆ ಹೋಗದಂತೆ ತಡೆಯುವ, ಅಡ್ಡಲಾಗಿ ಕೂರುವ ಸಣ್ಣ ಪಿನ್ನು ಅದು. ಬೋಲ್ಟ್ ರಿಸೀವರಿನೊಳಗಿರುವಾಗ ಆ ಪಿನ್ನು ಎಲ್ಲಿಗೂ ಹೋಗಲಾರದು. ಹೊರಬಂದ ಬೋಲ್ಟನ್ನು ಓರೆ ಮಾಡಿ ತೊಳೆದರೆ ಸದ್ದಿಲ್ಲದೆ ಜಾರುತ್ತದೆ. ಸೀಮೆಎಣ್ಣೆಯ ಬಟ್ಟಲಿನ ತಳದ ಕೊಳೆಯಲ್ಲಿ ಅದು ಸಿಕ್ಕಿತು.

ಇದರ ಮಹತ್ವವನ್ನು ಹೇಳಲೇಬೇಕು. ರಿಮ್‌ಫೈರ್ ತೋಟೆಯಲ್ಲಿ ಕಿಡಿ ಹುಟ್ಟಿಸುವ ಮದ್ದು ತಳದ ಅಂಚಿನ ಸುತ್ತ ಇರುತ್ತದೆ, ಆದ್ದರಿಂದ ಫೈರಿಂಗ್ ಪಿನ್ ಬಡಿಯುವುದೂ ಅಂಚಿಗೇ. ತೋಟೆ ಇಲ್ಲದೆ ಹ್ಯಾಮರ್ ಬಿದ್ದಾಗ ಆ ಸಣ್ಣ ತಡೆಪಿನ್ನು ಇಲ್ಲವಾದರೆ ಫೈರಿಂಗ್ ಪಿನ್ ನೇರ ತೋಟೆಮನೆಯ ಅಂಚಿನ ಉಕ್ಕಿಗೆ ಬಡಿದು ಅಲ್ಲಿ ಗಂಟು ಎಬ್ಬಿಸುತ್ತದೆ. ಮುಂದೆ ತೋಟೆ ಸಲೀಸಾಗಿ ಒಳಹೋಗದು, ಹೊಡೆದ ಮೇಲೆ ಖಾಲಿ ಕೋಶ ಹೊರಬಾರದು. ಹಿಂದಿನ ದಿನ ಹೇಗಾದರೂ ಜೋಡಣೆ ಪೂರ್ಣವಾಗಿದ್ದರೆ, ಮೊದಲು ಮಾಡುತ್ತಿದ್ದ ಕೆಲಸ ಟ್ರಿಗರ್ ಎಳೆದು ನೋಡುವುದೇ. ಆ ಅರ್ಥದಲ್ಲಿ ಭಾಗ ಕೂರದೆ ಹಟ ಹಿಡಿದದ್ದು ಪಿಸ್ತೂಲನ್ನು ಉಳಿಸಿತು.

ಬಿಗಿ ಎಲ್ಲಿದೆ ಎಂಬ ಪ್ರಶ್ನೆ

ಟೂಲ್‌ರೂಮಿನಲ್ಲಿ ಎರಡು ಮೈಗಳು ಎಲ್ಲಿ ತಾಗುತ್ತವೆಂದು ತಿಳಿಯಲು ನೀಲಿ ಹಚ್ಚುತ್ತಿದ್ದೆವು. ತೋಟದ ಮನೆಯಲ್ಲಿ ನೀಲಿ ಎಲ್ಲಿಯದು? ಯಜಮಾನರ ಮನೆಯವರು ಹಣತೆಯ ಕುಡಿಗೆ ಹಿತ್ತಾಳೆ ತಟ್ಟೆ ಹಿಡಿದು ಕಾಡಿಗೆ ಮಾಡಿಕೊಟ್ಟರು. ಅದನ್ನು ಎರಡು ಹನಿ ಎಣ್ಣೆಯಲ್ಲಿ ಕಲಸಿ, ಫ್ರೇಮಿನ ಮೇಲ್ಮೈಗೆ ಬೆರಳ ತುದಿಯಿಂದ ಕಂಡೂ ಕಾಣದಷ್ಟು ತೆಳುವಾಗಿ ಹಚ್ಚಿ, ರಿಸೀವರನ್ನು ಬರಿಗೈಯಲ್ಲಿ ನಿಂತಲ್ಲಿಯವರೆಗೆ ಸರಿಸಿ, ಮತ್ತೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆವು.

ಎರಡು ಬಗೆಯ ಗುರುತು ಇತ್ತು. ಮುಂಭಾಗದ ಕೊಕ್ಕೆಯ ಗಾಡಿಯಲ್ಲಿ ಕಾಡಿಗೆ ಅಗಲವಾಗಿ ಒರೆಸಿ ಹೋಗಿ, ಕಂದು ಪೊರೆಯೊಂದು ಉಗುರಿಗೆ ಮೇಣದಂತೆ ಸಿಕ್ಕಿತು. ಹಿಂಬದಿಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದೇ ಚುಕ್ಕೆ ಬೆಳ್ಳಿಯಂತೆ ಹೊಳೆಯಿತು. ಅಳಿಯ ಆ ಚುಕ್ಕೆಯನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಸ್ಕ್ರೂಡ್ರೈವರ್ ಇಟ್ಟ ಜಾಗ ಅದು. ಮೀಟಿದಾಗ ಲೋಹ ಅಲ್ಲಿ ಬರ್ರು, ಅಂದರೆ ಚೂಪಾದ ಸಣ್ಣ ಉಬ್ಬು, ಎದ್ದಿತ್ತು.

ಗಾಡಿಗೆ ಸೀಮೆಎಣ್ಣೆ ತುಂಬಿಸಿ ಒಂದು ಗಂಟೆ ಬಿಟ್ಟು, ಅಡಿಕೆ ಮರದ ಸೀಳನ್ನು ಉಳಿಯಂತೆ ಚೂಪು ಮಾಡಿ ಕೆರೆದೆವು. ಉಕ್ಕಿಗಿಂತ ಮೆದುವಾದದ್ದರಿಂದ ಅದು ಅಂಟನ್ನಷ್ಟೇ ಕೆರೆಯುತ್ತದೆ. ಮೂರು ಸಲ ಹೀಗೆ ಮಾಡಿದ ಮೇಲೆ ರಿಸೀವರ್ ಒಂದು ಮಿಲಿಮೀಟರಿನಷ್ಟು ಹೆಚ್ಚು ಹಿಂದೆ ಸರಿಯಿತು. ಅಂದರೆ ಯಾವ ಕೊಕ್ಕೆಗೆ ಅರ ಹಾಕಬೇಕೆಂದು ಹಿಂದಿನ ಸಂಜೆ ಮಾತಾಗಿತ್ತೋ ಆ ಕೊಕ್ಕೆಯಲ್ಲಿ ಲೋಹದ ದೋಷ ಏನೇನೂ ಇರಲಿಲ್ಲ. ಅರ ಹಾಕಿದ್ದರೆ ಅಂಟು ಇರುವಷ್ಟು ದಿನ ಭಾಗ ಸರಿಯಾಗಿ ಕೂತಂತೆ ತೋರಿ, ಅಂಟು ಕರಗಿದ ದಿನದಿಂದ ಸಡಿಲವಾಗಿರುತ್ತಿತ್ತು. ಇಲ್ಲಿ ಬಿಗಿ ಬೇಕಿರುವುದು ಗುರಿಯ ಕಣ್ಣುಗಳಿಗಾಗಿ ಅಲ್ಲ, ಅವು ನಳಿಗೆಯೊಡನೆಯೇ ಇವೆ. ಬೋಲ್ಟಿನ ಪ್ರತಿಯೊಂದು ಪೆಟ್ಟೂ ಆ ಒಂದು ಪಿನ್ನಿನ ಮೇಲೆ ಬೀಳುತ್ತದೆ. ರಿಸೀವರ್ ಫ್ರೇಮಿನ ಮೇಲೆ ಅಲ್ಲಾಡಿದರೆ ಪಿನ್ನಿನ ತೂತುಗಳು ಹೊಡೆತಕ್ಕೆ ಹೊಡೆತ ಸೇರಿ ಅಗಲವಾಗುತ್ತ ಹೋಗುತ್ತವೆ.

ಉಳಿದದ್ದು ಅರ್ಧ ಮಿಲಿಮೀಟರ್ ಮತ್ತು ಆ ಬರ್ರು. ನನ್ನ ಚೀಲದಲ್ಲಿ ನಯವಾದ ಅರವೂ ಇತ್ತು, ಎಣ್ಣೆಕಲ್ಲೂ ಇತ್ತು. ಆ ಕ್ಷಣದಲ್ಲಿ ನನ್ನ ಕೈ ತುರಿಸಿತು ಎಂದರೆ ಸುಳ್ಳಲ್ಲ, ಜೀವಮಾನವಿಡೀ ಮಾಡಿದ ಕೆಲಸ ಅದು. ಆದರೆ 1959ರ ಆಯುಧ ಕಾಯಿದೆಯ 5ನೆಯ ಸೆಕ್ಷನ್ ಪ್ರಕಾರ ಆಯುಧ ತಯಾರಿಕೆ, ಮಾರಾಟಗಳಂತೆ ರಿಪೇರಿಗೂ ಲೈಸೆನ್ಸ್ ಬೇಕು. ಒರೆಸುವುದು, ಎಣ್ಣೆ ಹಾಕುವುದು, ಕೈಪಿಡಿಯಂತೆ ಬಿಚ್ಚಿ ಜೋಡಿಸುವುದು ಮಾಲೀಕರ ಪಾಲನೆ. ಲೋಹ ತೆಗೆಯಲು ತೊಡಗಿದರೆ ಅದು ರಿಪೇರಿ ಎಂದೇ ನಾನು ತಿಳಿಯುತ್ತೇನೆ. ಕಾನೂನಿನ ಮಾತು ಹಾಗಿರಲಿ, ತೆಗೆದ ಲೋಹವನ್ನು ಮರಳಿ ಹಚ್ಚಲಾಗದು. ಚೀಲದ ಬಾಯಿ ಕಟ್ಟಿದೆ.

ಇಲ್ಲಿ ಗಡಿನಾಡಿನವರಿಗೆ ಮಾತ್ರ ಬರುವ ಒಂದು ತೊಡಕು ಎದುರಾಯಿತು. ನಮಗೆ ಆಸ್ಪತ್ರೆ, ಕಾಲೇಜು, ಬಟ್ಟೆಬರೆ ಎಲ್ಲಕ್ಕೂ ಮಂಗಳೂರೇ ಹತ್ತಿರ. ಕಾಸರಗೋಡು ಪೇಟೆಯಿಂದಲೇ ಐವತ್ತು ಕಿಲೋಮೀಟರ್, ಈ ಮನೆಯಿಂದ ಇನ್ನೂ ಕಡಿಮೆ. ಆದರೆ ತಲಪಾಡಿ ದಾಟಿದರೆ ಕರ್ನಾಟಕ, ಮತ್ತು ಲೈಸೆನ್ಸಿನ ವ್ಯಾಪ್ತಿ ಕೇರಳಕ್ಕೆ ಮುಗಿಯುತ್ತದೆ. ಬಿಚ್ಚಿದ ಪಿಸ್ತೂಲೂ ಆಯುಧವೇ. ಯಜಮಾನರು ದೂರವಾದರೂ ತೆಂಕಣ ದಿಕ್ಕನ್ನೇ ಆರಿಸಿ, ಕೇರಳದೊಳಗಿನ ಲೈಸೆನ್ಸ್ ಪಡೆದ ರಿಪೇರಿಗಾರರೊಬ್ಬರಲ್ಲಿಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಎಲ್ಲ ಭಾಗಗಳನ್ನೂ, ಲೈಸೆನ್ಸಿನ ಮೂಲಪ್ರತಿಯನ್ನೂ ತೆಗೆದುಕೊಂಡು ಸ್ವತಃ ಹೋದರು. ಕಾಡಿಗೆಯ ಗುರುತನ್ನು ಅಳಿಸದೆ ಹಾಗೆಯೇ ಬಿಟ್ಟದ್ದು ಅಲ್ಲಿ ಉಪಯೋಗಕ್ಕೆ ಬಂತು. ರಿಪೇರಿಗಾರರು ಎದ್ದುನಿಂತ ಚುಕ್ಕೆಯನ್ನಷ್ಟೇ ಎಣ್ಣೆಕಲ್ಲಿನಿಂದ ಸುತ್ತಲಿನ ಮಟ್ಟಕ್ಕೆ ಇಳಿಸಿ, ಮೂಲ ಮೈಯ ನೀಲಿಗಪ್ಪು ಲೇಪಕ್ಕೆ ಕಲ್ಲು ತಾಗುವ ಮುನ್ನ ನಿಲ್ಲಿಸಿದರಂತೆ. ಕೆಲವೇ ನಿಮಿಷಗಳ ಕೆಲಸ. ಭೂತಗನ್ನಡಿ ಹಿಡಿದು ನಳಿಗೆಯ ಬಾಯಿಯನ್ನೂ ನೋಡಿ, ಸುತ್ತಿಗೆಯ ಗುರುತು ಹೊರ ಅಂಚಿನಲ್ಲಿದೆ, ಒಳ ಅಂಚಿಗೆ ಏನೂ ಆಗಿಲ್ಲ ಎಂದರು. ಜೋಡಿಸಿಕೊಡಲೇ ಎಂದು ಅವರು ಕೇಳಿದಾಗ, ಅದನ್ನು ಮನೆಯಲ್ಲೇ ಕಲಿಯಬೇಕಿದೆ ಎಂದು ಹೇಳಿ ಯಜಮಾನರು ಹಾಗೆಯೇ ಮರಳಿ ತಂದರು.

ಮರುಜೋಡಣೆ

ಈ ಸಲ ರಿಸೀವರ್ ಅಂಗೈಯ ಒತ್ತಡಕ್ಕೆ ಬಹುಪಾಲು ಸರಿದು, ಕೊನೆಯಲ್ಲಿ ನಿಂತಿತು. ತೂತಿನ ಕೆಳಗೆ ಟಾರ್ಚ್ ಹಿಡಿದು ಮೇಲಿನಿಂದ ನೋಡಿದರೆ ಬೆಳಕು ದ್ವಾದಶಿಯ ಚಂದ್ರನಂತೆ ಒಂದು ಬದಿ ತುಸು ಕೊರೆದು ಕಾಣುತ್ತಿತ್ತು. ಇದು ವಿನ್ಯಾಸಕ್ಕೆ ಸೇರಿದ ಬಿಗಿ. ನಳಿಗೆಯ ಬಾಯಿಗೆ ಹಲಸಿನ ಹಲಗೆಯ ತುಂಡು ಅಡ್ಡ ಹಿಡಿದು ರಬ್ಬರ್ ಸುತ್ತಿಗೆಯಿಂದ ಎರಡು ಸಲ ತಟ್ಟಿದಾಗ ಚಂದ್ರ ಪೂರ್ಣವಾಯಿತು. ಬೋಲ್ಟ್ ಒಳಸೇರಿತು, ಅದಕ್ಕೆ ಮೊದಲು ಅಡ್ಡಪಿನ್ನು ಇದೆಯೇ ಎಂದು ಅಳಿಯನೇ ಎರಡು ಸಲ ನೋಡಿದ. ಫ್ರೇಮಿನಲ್ಲಿ ಸ್ಪ್ರಿಂಗಿನ ಒತ್ತಡ ಇನ್ನೂ ಇಲ್ಲದ್ದರಿಂದ ಹ್ಯಾಮರನ್ನು ಚಲಿಸುವುದು ಭೂಮಿಯ ಸೆಳೆತವೇ: ನಳಿಗೆಯನ್ನು ಕೆಳಮುಖವಾಗಿಸಿ ಟ್ರಿಗರ್ ಎಳೆದರೆ ಹ್ಯಾಮರ್ ತಾನಾಗಿ ಮುಂದಕ್ಕೆ ಬೀಳುತ್ತದೆ. ಆಮೇಲೆ ದಪ್ಪ ಪಿನ್ನು ಹೆಬ್ಬೆರಳಿನ ಒತ್ತಿಗೇ ಮೇಲಕ್ಕೆ ಹೋಗಿ ರಿಸೀವರಿನ ಮೇಲೆ ತಲೆ ತೋರಿಸಿತು. ಡ್ರಿಲ್ ಹಾಯಿಸಬೇಕೆಂದು ಹೇಳಿದ್ದ ತೂತು ಇದೇ.

ಆದರೆ ಗೂಡು ಮಡಚಿ ಚಿಲಕ ಹಾಕಿದ ಮೇಲೆ ಬೋಲ್ಟನ್ನು ಎಳೆದರೆ ಒಂದು ಸೆಂಟಿಮೀಟರಿಗೆ ಚೂರು ಹೆಚ್ಚು ಬಂದು ನಿಂತಿತು. ಅಳಿಯ ಸಹಜವಾಗಿಯೇ ಮತ್ತೆ ಬಿಗಿಯೆಂದ. ನಾನು ಯಜಮಾನರಿಗೆ, ಗೂಡು ಮಡಚುವಾಗ ಕೈಗೆ ಏನು ಅನಿಸಿತು ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಏನೂ ಅನಿಸಲಿಲ್ಲ, ಸುಮ್ಮನೆ ಮುಚ್ಚಿತು" ಎಂದರು. ಉತ್ತರ ಅದರಲ್ಲೇ ಇತ್ತು. ಹ್ಯಾಮರಿನ ಕಡ್ಡಿ ಸ್ಪ್ರಿಂಗಿನ ತಲೆಯ ಮೇಲೆ ಕೂತಿದ್ದರೆ, ಗೂಡು ಮುಚ್ಚುತ್ತ ಬಂದಂತೆ ಸ್ಪ್ರಿಂಗಿನ ಎದುರೊತ್ತು ಕೊನೆಯಲ್ಲಿ ಏರಬೇಕು. ಕಡ್ಡಿ ಒಳಗಿನ ಅಡ್ಡ ಪಿನ್ನಿಗೆ ತಗಲಿ ಮುಂದೆಯೇ ಉಳಿದಿತ್ತು. ಹಿಂದಿನ ದಿನಗಳಲ್ಲಿ ಕೈಗೆ ಸಿಗುತ್ತಿದ್ದದ್ದು ಕಲ್ಲಿಗೆ ತಾಗಿದಂತೆ ಥಟ್ಟನೆ ನಿಲ್ಲುವ ಬಿಗಿ, ಅಲ್ಲಿ ಅದು ಇರಬಾರದಿತ್ತು. ಇಲ್ಲಿ ಇರಬೇಕಾದ ಬಿಗಿಯೇ ಇರಲಿಲ್ಲ.

ಗೂಡನ್ನು ಮತ್ತೆ ಬಿಡಿಸಿ, ಹ್ಯಾಮರ್ ಮುಂದೆಯೇ ಇರುವಂತೆ ಆದರೆ ಕಡ್ಡಿ ಹಿಂದಕ್ಕೆ ತೂಗುವಂತೆ ನಳಿಗೆಯನ್ನು ತುಸುವೇ ಮೇಲೆತ್ತಿ, ನಿಧಾನ ಮಡಚಿದರು. ನಳಿಗೆಯನ್ನು ತೀರ ಮೇಲೆತ್ತಿದರೆ ಹ್ಯಾಮರೂ ಹಿಂದೆ ಬೀಳುತ್ತದೆ, ಎತ್ತದಿದ್ದರೆ ಕಡ್ಡಿ ತೂಗದು. ಈ ಓರೆಯನ್ನು ಕಂಡುಕೊಳ್ಳಲು ಅವರಿಗೆ ನಾಲ್ಕು ಪ್ರಯತ್ನ ಬೇಕಾದವು. ನಾಲ್ಕನೆಯದರಲ್ಲಿ ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು. ಎದುರೊತ್ತು ಸಿಕ್ಕಿತ್ತು. ಬೋಲ್ಟ್ ಪೂರ್ತಿ ಹಿಂದಕ್ಕೆ ಬಂತು.

ಜುಲೈಯಲ್ಲಿ ಅವರು ಶೂಟಿಂಗ್ ರೇಂಜ್ ಒಂದರಲ್ಲಿ 25 ಮೀಟರಿನಿಂದ ಇಪ್ಪತ್ತು ತೋಟೆ ಹೊಡೆದರು. ಎಲ್ಲ ಕೋಶಗಳೂ ಸಲೀಸಾಗಿ ಹೊರಬಿದ್ದವು, ಗುಂಡುಗಳು ಹಿಂದಿನಂತೆಯೇ ಒಟ್ಟಾಗಿ ಬಿದ್ದವು. ತೆಂಗಿನೆಣ್ಣೆಯ ಬಾಟಲಿ ಅಡಿಗೆಮನೆಗೆ ಹಿಂದಿರುಗಿ, ಆಯುಧದ ಪೆಟ್ಟಿಗೆಯಲ್ಲಿ ಈಗ ತೆಳುವಾದ ಮಿನರಲ್ ಎಣ್ಣೆಯ ಡಬ್ಬಿ ಇದೆ. ಬೋಲ್ಟನ್ನು ತೊಳೆಯುವುದು ಬಟ್ಟಲಿನಲ್ಲಲ್ಲ, ಅಂಚಿರುವ ಬಿಳಿ ತಟ್ಟೆಯಲ್ಲಿ.

ಆಯುಧಪೂಜೆಯ ಮುನ್ನಾದಿನ ಅವರು ಮತ್ತೊಮ್ಮೆ ಪೂರ್ತಿ ಬಿಚ್ಚಿ ಜೋಡಿಸಿದರು. ನನ್ನನ್ನು ಕರೆಯಲಿಲ್ಲ, ಮುಗಿದ ಮೇಲೆ ಫೋನ್ ಮಾಡಿದರು. ಒಟ್ಟು ನಲವತ್ತು ನಿಮಿಷ ಹಿಡಿಯಿತಂತೆ, ಅದರಲ್ಲಿ ಇಪ್ಪತ್ತೈದು ನಿಮಿಷ ಗಾಡಿ ಕೆರೆಯುವುದಕ್ಕೆ ಮತ್ತು ಭಾಗ ಎಣಿಸುವುದಕ್ಕೆ. ಕೊನೆಯ ಸರಿತ ಈಗಲೂ ಬಿಗಿಯಾಗಿಯೇ ಇದೆ, ಎರಡು ತಟ್ಟು ಬೇಕೇ ಬೇಕು ಎಂದರು. ಸ್ಕ್ರೂಡ್ರೈವರನ್ನು ಅಳಿಯ ಆ ಕೋಣೆಯಿಂದಲೇ ಹೊರಗಿಟ್ಟಿದ್ದಾನಂತೆ.